ಬಾಯಿಗೊಂದು ಕೆಲಸ ಕೊಡುವ ಓಬಮ್ಮ

ಸಿಂಗಟಗೆರೆಗೆ ಮೊದಲ ಬಸ್ಸು ಬಂದು ನಿಂತಾಗ ಕೆರೆ ಏರಿಯ ಮೇಲೆ ಇನ್ನೂ ಮಬ್ಬು. ಇಳಿಯುವವರು ಮೂರೋ ನಾಲ್ಕೋ ಮಂದಿ. ಎಲ್ಲರಿಗಿಂತ ಕೊನೆಗೆ, ಬಾಗಿಲ ಕಂಬಿ ಹಿಡಿದು ನಿಧಾನಕ್ಕೆ ಇಳಿಯುವವರು ಓಬಮ್ಮ. ಹೆಗಲಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದುಕೊಂಡ ಕೈಚೀಲ. ಸೆರಗನ್ನು ತಲೆಗೆ ಸುತ್ತಿಕೊಂಡು ಸಿದ್ದಲಿಂಗೇಶ್ ಅವರ ಮನೆ ಕಡೆ ಹೆಜ್ಜೆ ಹಾಕುತ್ತಾರೆ. ಒಂಬತ್ತಕ್ಕೆಲ್ಲ ವಾಪಸ್ಸು ಕಡೂರಿನಲ್ಲಿರಬೇಕು. ಪಶು ಆಸ್ಪತ್ರೆಯ ನೆಲ ತೊಳೆಯುವುದು, ದನ ಹಿಡಿಯುವುದು, ಸೂಜಿ ಕುದಿಸುವುದು ಅವರ ಕೆಲಸ. ಅದಕ್ಕೂ ಮುಂಚಿನ ಈ ಎರಡು ಗಂಟೆ ಅವರದ್ದೇ.

ಅಂಗಳದಲ್ಲಿ ತೆಂಗಿನಕಾಯಿ ಸುಲಿದ ಮಟ್ಟೆಯ ಆಳೆತ್ತರದ ರಾಶಿ. ಜಗಲಿ ಕಂಬಕ್ಕೆ ಕಟ್ಟಿದ ಐದು ತಿಂಗಳ ನಾಟಿ ನಾಯಿಮರಿಯೊಂದು ಹೊಸಬರನ್ನು ಕಂಡು ಮೈಯೆಲ್ಲ ಬಾಲವಾಗಿ ಕುಣಿಯುತ್ತದೆ. ರಾಗಿ ಬಣ್ಣ, ಹೆಸರೂ ರಾಗಿ. ಓಬಮ್ಮ ಅದರತ್ತ ನೋಡುವುದೇ ಇಲ್ಲ. ಜಗಲಿಯ ಅಂಚಿಗೆ ಕೂತು, ಮನೆಯ ಸೊಸೆ ಕೋಮಲಾಗೆ ಹೇಳುತ್ತಾರೆ: "ಮೊದ್ಲು ನಾಯಿ ನೋಡಲ್ಲ ಕಣವ್ವ ನಾನು. ಕಡ್ದಿರೋ ಸಾಮಾನೆಲ್ಲ ತಗಂಬಾ."

ಒಂದೊಂದಾಗಿ ಬರುತ್ತವೆ. ಹಿಮ್ಮಡಿಯಿಲ್ಲದ ಹವಾಯಿ ಚಪ್ಪಲಿ. ಮುಚ್ಚಳ ಹೋದ ಕನ್ನಡಕದ ಡಬ್ಬಿ. ದಾರ ಬಿಚ್ಚಿದ ಎಲೆಅಡಿಕೆ ಚೀಲ. ಒಂದು ಮೂಲೆ ತಿಂದುಹಾಕಿದ ಚಾಪೆ. ಬಾಗಿಲ ಮುಂದಿನ ನಾರಿನ ಮ್ಯಾಟು. ಕೊನೆಗೊಂದು ಊರುಗೋಲು, ಅದರ ಬುಡದ ರಬ್ಬರ್ ಇಲ್ಲ.

ಈ ರಬ್ಬರಿನಿಂದಲೇ ರಾಗಿಯ ಪ್ರಾಣಕ್ಕೆ ಬಂದಿರುವುದು. ಹೋದ ವಾರ ಊರುಗೋಲು ಸಿಮೆಂಟಿನ ಮೇಲೆ ಜಾರಿ, ಮನೆಯ ಹಿರಿಯರಾದ ಎಪ್ಪತ್ತೆರಡರ ಗುರುಶಾಂತಮ್ಮ ಬಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ದೇವರು ದೊಡ್ಡವನು, ಮೂಳೆಗೇನೂ ಆಗಲಿಲ್ಲ. ಆದರೆ ಅವತ್ತೇ ತೀರ್ಮಾನವೂ ಆಯಿತು. ಮಗ ಸಿದ್ದಲಿಂಗೇಶ್ ಹಳ್ಳಿಹಳ್ಳಿ ತಿರುಗಿ ತೆಂಗಿನಕಾಯಿ ಕೊಳ್ಳುವವರು. ಬರುವ ಭಾನುವಾರ ಲಗೇಜ್ ಆಟೊ ಎಮ್ಮೆದೊಡ್ಡಿ ಕಡೆ ಹೋಗುವಾಗ ಮರಿಯನ್ನೂ ಹಾಕಿಕೊಂಡು ಹೋಗಿ ಅಲ್ಲಿ ದನ ಮೇಯುವ ಕಾವಲಿನ ಬಯಲಲ್ಲಿ ಬಿಟ್ಟು ಬರಬೇಕು. ಇಂದು ಸೋಮವಾರ.

"ನಾಳೆ ನನ್ ಸೊಂಟ ಮುರಿದ್ರೆ ಈ ನಾಯಿ ಬಂದು ಎತ್ತುತ್ತೇನೇ?" ಎನ್ನುತ್ತಾರೆ ಗುರುಶಾಂತಮ್ಮ, ಬಾಗಿಲೊಳಗಿಂದಲೇ.

"ಕಾವಲಲ್ಲಿ ದನ ಇರ್ತವೆ, ಕಾಯೋರಿರ್ತಾರೆ. ಏನೋ ತಿಂದ್ಕಂಡು ಇರುತ್ತೆ ಬಿಡು ಓಬಕ್ಕ," ಸಿದ್ದಲಿಂಗೇಶ್ ಸಮಾಧಾನ ಹೇಳುತ್ತಾರೆ.

"ಕಾವಲಲ್ಲಿ ಇರೋದು ಹುಲ್ಲು ಕಣಣ್ಣ. ನಿಮ್ ನಾಯಿ ಹುಲ್ ಮೇಯುತ್ತಾ?"

ಕಾವಲಿನ ಮಾತನ್ನು ಓಬಮ್ಮನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರು ಹುಟ್ಟಿದ್ದೇ ಎಮ್ಮೆದೊಡ್ಡಿಯ ಮಗ್ಗುಲಲ್ಲಿ. ತಂದೆ ಜವರಯ್ಯ ಅಮೃತಮಹಲ್ ದನಗಳ ಹಿಂದೆ ನಡೆದೇ ಆಯುಷ್ಯ ಸವೆಸಿದವರು. ಹಾಲು ಬಿಡಿಸಿದ ಕರುಗಳು ಮಣ್ಣು ನೆಕ್ಕುತ್ತವೆ, ಹಗ್ಗ ಅಗಿಯುತ್ತವೆ. ಊರವರು ಅವಕ್ಕೆ ಬಾಯಿಕುಕ್ಕೆ ಕಟ್ಟುತ್ತಿದ್ದರು. ಜವರಯ್ಯ ಕಟ್ಟುತ್ತಿರಲಿಲ್ಲ, ಎಳೆ ಹುಲ್ಲಿನ ಸಣ್ಣ ಸಿವುಡು ಮಾಡಿ ಕರುವಿನ ಮುಂದೆ ತೂಗುಹಾಕುತ್ತಿದ್ದರು. "ಬಾಯಿ ಕಟ್ಟೋದು ಸಲೀಸು ಮಗ, ಬಾಯಿಗೆ ಕೆಲ್ಸ ಕೊಡೋದೇ ಕಷ್ಟ, ಅಂತಿದ್ದ ನಮ್ಮಪ್ಪ. ನಾನು ಮಾಡೋದು ಇಷ್ಟೇಯ. ಕರು ಹೋಗಿ ನಾಯಿ ಬಂತು," ಎಂದು ಓಬಮ್ಮ ನಗುತ್ತಾರೆ.

ಆಸ್ಪತ್ರೆಯಲ್ಲಿ ದಿನಕ್ಕೆ ಮೂವತ್ತು ನಲವತ್ತು ಜೀವಗಳು ಬಂದುಹೋಗುತ್ತವೆ. ನಾಯಿ ತಂದವರಲ್ಲಿ ವಾರಕ್ಕೆ ಇಬ್ಬರಾದರೂ, "ಎಲ್ಲ ಕಡ್ದಾಕ್ತೈತೆ, ಒಂದು ಇಂಜೆಕ್ಷನ್ ಕೊಡಿ ಮೇಡಂ" ಎನ್ನುವವರು. ಈಗಿನ ವೈದ್ಯೆ ಅಶ್ವಿನಿ ಬಾಯಿ ತೆರೆಸಿ ನೋಡಿ, ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಬಕೆಟ್ಟು ಹಿಡಿದು ನಿಂತ ಹೆಂಗಸಿನ ಕಡೆ ಕೈ ತೋರಿಸುತ್ತಾರೆ. "ಕಾಯಿಲೆ ಇದ್ದರೆ ನಾನು ನೋಡ್ತೀನಿ. ಇದು ಕಾಯಿಲೆ ಅಲ್ಲ. ಇದಕ್ಕೆ ಮನೆಗೇ ಹೋಗಿ ಕೂರಬೇಕು, ಅಷ್ಟು ತಾಳ್ಮೆ ಇರೋದು ಓಬಮ್ಮನಿಗೇ," ಎನ್ನುತ್ತಾರೆ ಅವರು.

ಹಾಗೆ ಕೂರಲು ಓಬಮ್ಮ ಈ ವರ್ಷ ಇಪ್ಪತ್ತೆರಡು ಮನೆಗೆ ಹೋಗಿದ್ದಾರೆ. ವಾರದ ದಿನಗಳಲ್ಲಿ ಕಡೂರಿನ ಸುತ್ತಮುತ್ತ, ಭಾನುವಾರ ತರೀಕೆರೆ, ಅಜ್ಜಂಪುರ. ನಾಲ್ಕು ಗಂಟೆಗೆ ಎದ್ದು, ಒಲೆ ಹಚ್ಚಿ ಮುದ್ದೆಗಿಟ್ಟು, ಐದೂವರೆಯ ಬಸ್ಸು. ಫೀಸೆಂಬುದಿಲ್ಲ. ಬಸ್ ಚಾರ್ಜು ಕೊಟ್ಟರೆ ಬೇಡ ಅನ್ನುವುದಿಲ್ಲ. ಎಲ್ಲ ಕಡೆ ಮರ್ಯಾದೆ ಒಂದೇ ಥರ ಸಿಗುತ್ತದೆ ಎಂದೂ ಅಲ್ಲ. "ಕೆಲವು ಮನೇಲಿ ನಾಯಿ ಅಡಿಗೆಮನೆ ತಂಕ ಹೋಗಿಬತ್ತದೆ, ನಾನು ಜಗಲೀಲೇ ಕೂತಿರ್ತೀನಿ," ಎನ್ನುತ್ತಾರೆ. ಬೇಸರದ ದನಿಯಲ್ಲೇನಲ್ಲ, ಬಸ್ಸು ಲೇಟಾಯಿತು ಅನ್ನುವ ಹಾಗೆ.

ಕಡಿಯುವ ಮರಿಗೆ ಊರವರು ಮಾಡುವ ಔಷಧಗಳ ಕಥೆ ಅವರ ಬಾಯಲ್ಲೇ ಕೇಳಬೇಕು. ತರೀಕೆರೆಯ ಗಂಗಾಧರಯ್ಯ ಎಂಬುವರು ಕುರ್ಚಿಯ ಕಾಲಿಗೆಲ್ಲ ಖಾರದ ಪುಡಿ ಬಳಿದಿದ್ದರು. ಅವರ ಮರಿ ಎರಡು ದಿನ ಸೀನಿತು, ಮೂರನೆಯ ದಿನ ಖಾರವನ್ನೂ ನೆಕ್ಕಿ ಕಾಲನ್ನೂ ಕಡಿಯಿತು. "ಈ ಕಡೆ ನಾಯಿಗೆ ಖಾರ ಹಚ್ಚಿ ಹೆದರಿಸ್ತೀರಾ? ಖಾರ ಮಂಡಕ್ಕಿ ಅಂದ್ಕಳ್ತು ಅದು! ಕಣ್ಣಿಗೆ ಬಿದ್ದಿದ್ರೆ ಏನ್ಗತಿ, ಅದ್ನ ಯೋಚ್ನೆ ಮಾಡಲ್ಲ," ಎಂದು ಅವರಿಗೆ ಮುಖಕ್ಕೇ ಹೇಳಿ ಬಂದಿದ್ದರಂತೆ.

ಸಿಂಗಟಗೆರೆಯ ಅಂಗಳದಲ್ಲಿ ಈಗ ಕಡಿದ ವಸ್ತುಗಳು ಸಾಲಾಗಿ ಕೂತಿವೆ. ಓಬಮ್ಮ ಮೊದಲು ಮ್ಯಾಟನ್ನು ಎತ್ತಿಕೊಳ್ಳುತ್ತಾರೆ. ಆಮೇಲೆ ಮಟ್ಟೆಯ ರಾಶಿಯಿಂದ ಹಲ್ಲಿನ ಗುರುತಿರುವ ಒಂದು ಮಟ್ಟೆಯನ್ನು.

"ಇದ್ನ ಯಾರು ಕೊಟ್ರು?"

"ಅಲ್ಲೇ ಬಿದ್ದಿರ್ತಾವಲ್ಲ, ಅದ್ರಲ್ಲೇ ಆಡ್ಕಳ್ಳಿ ಅಂತ ಬಿಟ್ಟಿದ್ವಿ," ಎನ್ನುತ್ತಾರೆ ಸಿದ್ದಲಿಂಗೇಶ್.

"ಅಂಗಳದಲ್ಲಿ ನಾರು ಕಡಿ ಅಂತೀರಾ. ಬಾಗಿಲಲ್ಲಿ ನಾರು ಕಡಿದ್ರೆ ಹೊಡೀತೀರಾ. ಅದಕ್ಕೇನ್ ಗೊತ್ತು ಅಣ್ಣ, ಇದು ಬಿಸಾಕಿದ್ ನಾರು, ಅದು ಕಾಸು ಕೊಟ್ಟು ತಂದ ನಾರು ಅಂತ? ನಾರು ಹೊಟ್ಟೆಗೋಗಿ ಗಂಟಾಗಿರೋ ನಾಯಿಗಳ್ನ ಆಸ್ಪತ್ರೇಲಿ ನಾನೇ ಹಿಡ್ಕಂಡಿದೀನಿ. ಮೊದ್ಲು ಆ ರಾಶಿಗೆ ಅಡ್ಡ ಕಟ್ಟಿ."

ಆಮೇಲೆ ಒಂದೊಂದನ್ನೇ ಎತ್ತಿ ಕೇಳುತ್ತಾರೆ, ಇದು ಯಾರದ್ದು? ಚಪ್ಪಲಿ ಅತ್ತೆಯದು, ಎನ್ನುತ್ತಾರೆ ಕೋಮಲಾ. ಡಬ್ಬಿ ಅತ್ತೆಯದು. ಚೀಲ, ಚಾಪೆ, ಊರುಗೋಲು, ಎಲ್ಲವೂ ಅತ್ತೆಯವೇ. ಅದೇ ಜಗಲಿಯ ಮೇಲೆ ಕೋಮಲಾ ಶಾಲೆಯ ಕೆಲಸಕ್ಕೆ ಹಾಕಿಕೊಂಡು ಹೋಗುವ ಹೊಸ ಚಪ್ಪಲಿ, ಸಿದ್ದಲಿಂಗೇಶ್ ಅವರ ಚರ್ಮದ ಶೂ ಕೈಗೆಟುಕುವಂತೆಯೇ ಇವೆ. ಒಂದು ಹಲ್ಲೂ ಬಿದ್ದಿಲ್ಲ.

"ನೋಡ್ದಾ? ನನ್ ಮೇಲೇ ಹಗೆ ಅದಕ್ಕೆ," ಗುರುಶಾಂತಮ್ಮನಿಗೆ ಸಾಕ್ಷಿಯೇ ಸಿಕ್ಕಂತಾಗುತ್ತದೆ.

"ಹಗೆ ಅಲ್ಲ ಅಮ್ಮಾರೆ. ಬೆಳಿಗ್ಗೆ ಇದಕ್ಕೆ ರೊಟ್ಟಿ ಹಾಕೋದ್ಯಾರು?"

ಗುರುಶಾಂತಮ್ಮ ಸೆರಗು ಸರಿಮಾಡಿಕೊಳ್ಳುತ್ತಾರೆ. ಕೋಮಲಾ ತಿರುಗಿ ನೋಡುತ್ತಾರೆ. "ಅತ್ತೆ, ನೀವಾ?"

"ಸೀದಿರೋ ರೊಟ್ಟಿ ಕಣೇ. ಬಿಸಾಕೋದ್ಯಾಕೆ ಅಂತ ಹಾಕ್ತೀನಿ. ಅದಕ್ಕೇನೀಗ?"

"ದಿನಾ ಒಂದ್ ರೊಟ್ಟಿ ಸೀಯುತ್ತಾ ಅತ್ತೆ?"

ಮಗ ನಗು ತಡೆಯಲು ಕೆಮ್ಮುತ್ತಾರೆ. ಓಬಮ್ಮ ನಗುವುದಿಲ್ಲ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಹನ್ನೊಂದರ ಹೊತ್ತಿಗೆ ಗುರುಶಾಂತಮ್ಮ ಊರುಗೋಲನ್ನೂ ಬಿಚ್ಚಿದ ಮರಿಯನ್ನೂ ಮನೆಯಲ್ಲೇ ಬಿಟ್ಟು, ಪಕ್ಕದ ಮನೆಯವರ ಕೈ ಹಿಡಿದು ದಿನಾ ಮಠಕ್ಕೆ ಹೋಗಿ ಒಂದು ಗಂಟೆಗೆ ಬರುತ್ತಾರೆ; ಕಡಿತವೆಲ್ಲ ಆ ಎರಡು ಗಂಟೆಯಲ್ಲೇ ಆಗಿದೆ ಎಂದು ಕೇಳಿ ಕೇಳಿ ತಿಳಿದುಕೊಳ್ಳುತ್ತಾರೆ. "ಹಲ್ಲು ಬೀಳ್ತಾವೆ, ಒಸಡು ಕಡೀತೈತೆ. ಮನೇಲಿ ಯಾರೂ ಇಲ್ಲ. ಎಳೆ ಕೂಸು ಅಳ್ವಾಗ ಅವ್ವನ ಸೆರಗು ಬಾಯಿಗೆ ಹಾಕ್ಕಳಲ್ವಾ, ಹಂಗೆ. ನಿಮ್ ವಾಸ್ನೆ ಎಲ್ಲೈತೋ ಅಲ್ಲಿಗೋಗಿ ಬಾಯಿ ಹಾಕ್ತೈತೆ. ಈಗ ನಿಮ್ದೊಂದು ಹಳೇ ನೂಲಿನ ಸೀರೆ ಬೇಕಲ್ಲ ಅಮ್ಮಾರೆ."

"ಸೀರೆನಾ? ನಾಯಿಗಾ?"

ಎರಡು ಲೋಟ ಕಾಫಿಯಷ್ಟು ಹೊತ್ತು ಮಾತಾದ ಮೇಲೆ ಸೀರೆ ಹೊರಗೆ ಬರುತ್ತದೆ. ಉದ್ದಕ್ಕೆ ಮೂರು ಸೀಳು ಸೀಳಿ, ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಓಬಮ್ಮ ಜಡೆ ಹೆಣೆಯುತ್ತಾರೆ; ಮೊಳಕ್ಕೊಂದು ಗಂಟು, ತುದಿಯಲ್ಲಿ ಎಳೆ ಬಿಚ್ಚದಂತೆ ದೊಡ್ಡ ಗಂಟು. ಅದನ್ನು ಉಪ್ಪು ಹಾಕದ ಮಜ್ಜಿಗೆಯಲ್ಲಿ ನೆನೆಸಿ, ಫ್ರೀಜರಿನಲ್ಲಿಟ್ಟು, ತಣ್ಣಗೆ ಗಟ್ಟಿಯಾದ ಮೇಲೆ ಮರಿಗೆ ಕೊಡಬೇಕು. ಯಾರಾದರೂ ಎದುರಿಗಿರುವಾಗಲೇ ಕೊಡಬೇಕು. ಎಳೆ ಬಿಟ್ಟಿದ್ದು ಕಂಡರೆ ಬಿಸಾಡಿ ಹೊಸದು ಹೆಣೆಯಬೇಕು. ಮಠಕ್ಕೆ ಹೋಗುವ ಮುಂಚೆ ಒಂದು ಸುತ್ತು ಓಡಾಡಿಸಬೇಕು. ಮಿಕ್ಕ ಸಾಮಾನೆಲ್ಲ ಗೂಟಕ್ಕೆ ನೇತುಬೀಳಬೇಕು. ಏನಾದರೂ ಕಚ್ಚಿಕೊಂಡು ಓಡಿದರೆ ಹಿಂದೆ ಓಡಬಾರದು, ಕೂಗಬಾರದು. "ನೀವು ಹಿಂದೆ ಓಡಿದ್ರೆ ಅದಕ್ಕೆ ಆಟ. ರೊಟ್ಟಿ ತೋರ್ಸಿ ಕರೀರಿ. ಇದ್ನ ಬಿಟ್ಟು ಅದ್ನ ತಗಳ್ಳುತ್ತೆ."

"ನಾಯಿ ಹಗ್ಗನ ಫ್ರಿಜ್ಜಲ್ಲಿ ಇಡೋದಾ? ದೇವರ ಹಾಲಿಡೋ ಜಾಗ ಅದು!" ಗುರುಶಾಂತಮ್ಮನ ಕೊನೆಯ ತಕರಾರು. ಕೋಮಲಾ ಮುಚ್ಚಳವಿರುವ ಸ್ಟೀಲ್ ಡಬ್ಬಿ ತಂದು ಆ ವ್ಯಾಜ್ಯ ಬಗೆಹರಿಸುತ್ತಾರೆ.

ವಾಪಸ್ಸು ಬಸ್ಸಿಗೆ ಕಾಯುತ್ತ ಓಬಮ್ಮ ತಮ್ಮ ಕೈಚೀಲ ಬಿಚ್ಚುತ್ತಾರೆ. ಒಳಗೆ ಬರೀ ಒಂಟಿ ಚಪ್ಪಲಿಗಳು. ಮರಿಗೆ ವರ್ಷ ತುಂಬಿ, ಅದು ಮನೆಯಲ್ಲೇ ಉಳಿದಿದ್ದರೆ ಅದು ಕಡಿದ ಒಂದು ಚಪ್ಪಲಿ ಕೇಳಿ ಪಡೆಯುತ್ತಾರೆ. ಅವರ ಸಂಬಳವೂ ಅದೇ, ಸರ್ಟಿಫಿಕೇಟೂ ಅದೇ. ಹೊಸ ಮನೆಯವರು ನಂಬದಿದ್ದಾಗ ತೆಗೆದು ತೋರಿಸುತ್ತಾರೆ: "ನೋಡಿ, ಇದ್ನ ಹಿಂಗ್ ಮಾಡಿದ್ ನಾಯಿ ಈಗ ಅಜ್ಜಂಪುರದಾಗೆ ಈರುಳ್ಳಿ ಕಣ ಕಾಯ್ತೈತೆ." ಕೂಡಿಹಾಕಿದ್ದು ನಲವತ್ತೊಂದು ಇವೆಯಂತೆ, ಹೆಚ್ಚಿನವು ಮನೆಯ ಅಟ್ಟದಲ್ಲಿ.

ಚೀಲದ ತಳದಲ್ಲಿರುವ ಒಂದನ್ನು ಮಾತ್ರ ಅವರು ಸುಮ್ಮನೆ ಹೊರಗೆ ತೆಗೆಯುವುದಿಲ್ಲ. ಹೆಂಗಸರ ಎಡಗಾಲಿನದು, ಪಟ್ಟಿ ಕಿತ್ತಿದೆ. ಹದಿನಾಲ್ಕು ವರ್ಷದ ಹಿಂದೆ, ಆಸ್ಪತ್ರೆಯ ಕೆಲಸಕ್ಕೆ ಸೇರುವ ಹಿಂದಿನ ದಿನ ಕೊಂಡ ಹೊಸ ಚಪ್ಪಲಿ. ಸಂಜೆ ಅವರ ಮರಿ ಕರಿಯ ಕಡಿದುಹಾಕಿತು. ಮೊದಲ ದಿನ ಬರಿಗಾಲಲ್ಲಿ ಕೆಲಸಕ್ಕೆ ಹೋದ ನಾಚಿಕೆ ಸಿಟ್ಟಾಗಿ, ಆ ವಾರ ಬೀರೂರು ಸಂತೆಗೆ ಹೋದಾಗ ಮರಿಯನ್ನು ಅಲ್ಲೇ ಬಿಟ್ಟು ಬಂದರು. ತಿಂಗಳಾದ ಮೇಲೆ ಆಗಿನ ಡಾಕ್ಟರು ಯಾರಿಗೋ ಹೇಳುತ್ತಿದ್ದುದು ನೆಲ ಒರೆಸುತ್ತಿದ್ದವರ ಕಿವಿಗೆ ಬಿತ್ತು. ಹಲ್ಲು ಬದಲಾಗೋ ಕಾಲ, ಎರಡು ತಿಂಗಳು ತಡ್ಕೊಳ್ಳಿ, ಸರಿಹೋಗುತ್ತೆ.

"ಎರಡೇ ತಿಂಗ್ಳು," ಎನ್ನುತ್ತಾರೆ ಓಬಮ್ಮ. "ಅವತ್ತೇ ಬೀರೂರಿಗೆ ಓಡ್ದೆ. ಆಮೇಲೆ ಎಷ್ಟ್ ಸಂತೆ ತಿರುಗುದ್ನೋ. ಸಿಗ್ಲಿಲ್ಲ. ಈಗ್ಲೂ ಬೀರೂರಾಗೆ ಬಸ್ ನಿಂತ್ರೆ ಕಣ್ಣು ಕಿಟಕಿ ಕಡೆ ಹೋಗ್ತೈತೆ. ಇದ್ದಿದ್ರೂ ಇಷ್ಟೊತ್ಗೆ ಮುದಿಯಾಗಿ ಸತ್ತಿರೋದು. ಆದ್ರೂ ಹೋಗ್ತೈತೆ."

ಈ ವರ್ಷದ ಇಪ್ಪತ್ತೆರಡರಲ್ಲಿ ಮೂರು ಮನೆಗಳಿಗೆ ಅವರು ತಲುಪುವುದರೊಳಗೆ ನಾಯಿಯನ್ನು ಎಲ್ಲೋ ಬಿಟ್ಟು ಬಂದಾಗಿತ್ತು. ಒಂದು ಕಡೆ ಕಾಫಿ ಕೊಟ್ಟರು. ಕುಡಿಯಲಾಗಲಿಲ್ಲ ಎನ್ನುತ್ತಾರೆ.

ಸಿಂಗಟಗೆರೆಯ ವಾರ ನೆಟ್ಟಗೇನೂ ಸಾಗುವುದಿಲ್ಲ. ಬುಧವಾರ ಸೀರೆಯ ಹಗ್ಗ ನಾಯಿಯ ಬಾಯಲ್ಲಿ, ಚಪ್ಪಲಿ ಗೂಟದ ಮೇಲೆ. ಗುರುವಾರವೂ ಕ್ಷೇಮ. ಶನಿವಾರ ಮಧ್ಯಾಹ್ನ ಕೋಮಲಾ ಅವರ ಫೋನು: ರಾಗಿ ಟೀವಿಯ ರಿಮೋಟ್ ಕಡಿದಿದೆ, ಸಿದ್ದಲಿಂಗೇಶ್ ಕೆಂಡವಾಗಿದ್ದಾರೆ. ಭಾನುವಾರ ತರೀಕೆರೆಗೆ ಹೋಗಬೇಕಿದ್ದ ಓಬಮ್ಮ ಮತ್ತೆ ಅದೇ ಮೊದಲ ಬಸ್ಸು ಹತ್ತುತ್ತಾರೆ.

ಅಂಗಳದಲ್ಲಿ ಲಗೇಜ್ ಆಟೊ ಗುಡುಗುಡು ಎನ್ನುತ್ತಿದೆ. ಕಂಬದ ಹತ್ತಿರ ನಾಯಿಯಿಲ್ಲ. ಓಬಮ್ಮ ಚೀಲವನ್ನು ಜಗಲಿಯ ಮೇಲೆ ಬಿಸಾಡುತ್ತಾರೆ. ಆಟೊದ ಹಿಂಬದಿಗೆ ಹೋಗಿ ಬಗ್ಗಿ ನೋಡುತ್ತಾರೆ. ಖಾಲಿ ಚೀಲಗಳಷ್ಟೇ.

ಒಳಗೆ ಅವ್ವ ಮಗನ ಮಾತು ನಡೆದಿದೆ. "ರಿಮೋಟ್ ಚಾಪೆ ಮೇಲೆ ಬಿಟ್ಟೋನು ಯಾರೋ? ನೀನು. ನನ್ ಸಾಮಾನೆಲ್ಲ ಗೂಟದ್ ಮೇಲೈತೆ ನೋಡು. ಅದು ನಂದೇನೂ ಕಡ್ದಿಲ್ಲ."

"ನೀನೇ ಅಲ್ವೇನವ್ವ ಕಾವಲಿಗೆ ಬಿಟ್ಬಾ ಅಂದಿದ್ದು?"

"ಅಂದಿದ್ದೆ ಕಣೋ. ಈಗ ಸುಮ್ಕೆ ಆಟೊ ಆರಿಸು, ಎಣ್ಣೆ ಸುಡ್ತೈತೆ."

ಗುರುಶಾಂತಮ್ಮ ಹೊರಗೆ ಬರುತ್ತಾರೆ. ಊರುಗೋಲಿಗೆ ಹೊಸ ರಬ್ಬರ್. ಕಾಲ ಸುತ್ತ ರಾಗಿ, ಬಾಯಲ್ಲಿ ಸೀರೆಯ ಹಗ್ಗ. ಅವರ ಅಂಗೈಯಲ್ಲಿ ಒಂದು ಚೂರು ಸಗಣಿ ಉಂಡೆ. ಬೆಳಿಗ್ಗೆ ಹಗ್ಗ ತೊಳೆಯುವಾಗ ಅದರ ಎಳೆಯಲ್ಲಿ ಸಿಕ್ಕಿಕೊಂಡಿದ್ದ ಅಕ್ಕಿಕಾಳಿನಷ್ಟು ಹಾಲುಹಲ್ಲು ಕಂಡಿದ್ದರು. ಮಕ್ಕಳ ಹಲ್ಲು ಬಿದ್ದಾಗ ಮಾಡುವಂತೆ ಸಗಣಿಯಲ್ಲಿಟ್ಟು ಉಂಡೆ ಮಾಡಿದ್ದಾರೆ. ಊರುಗೋಲನ್ನು ಸೊಸೆಯ ಕೈಗೆ ಕೊಟ್ಟು, ಹೆಂಚಿನ ಮೇಲಕ್ಕೆ ಎಸೆಯುತ್ತಾರೆ. ಮೊದಲ ಸಲ ಉಂಡೆ ಉರುಳಿ ಕೆಳಗೆ ಬೀಳುತ್ತದೆ. ಎರಡನೆಯ ಸಲ ನಿಲ್ಲುತ್ತದೆ.

"ಹಲ್ಲು ಪೂರ್ತಿ ಬರ್ಲಿ. ಆಮೇಲ್ ನೋಡಣ," ಎನ್ನುತ್ತಾರೆ, ಯಾರ ಮುಖವನ್ನೂ ನೋಡದೆ.

ಸಿದ್ದಲಿಂಗೇಶ್ ಆಟೊ ಆರಿಸುತ್ತಾರೆ. ಕೋಮಲಾ ಆ ಹಿಮ್ಮಡಿಯಿಲ್ಲದ ಚಪ್ಪಲಿ ತಂದು ಓಬಮ್ಮನ ಮುಂದೆ ಹಿಡಿದರೆ, ಅವರು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. "ಈಗ್ಲೇ ಬ್ಯಾಡ. ವರ್ಷ ತುಂಬ್ಲಿ, ನಾನೇ ಬಂದು ಇಸ್ಕಂತೀನಿ."

ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಓಬಮ್ಮ ಕೂತಿದ್ದಾರೆ. ಆಸೆ ಏನಾದರೂ ಇದೆಯೇ ಎಂದರೆ ಚೀಲದ ಮೇಲೆ ಕೈಯಿಡುತ್ತಾರೆ. "ತಳದಾಗೆ ಐತಲ್ಲ, ಕರಿಯಂದು. ಅಂಥದ್ದು ಯಾರ ಮನೇಲೂ ಇರಬಾರ್ದು. ಅಷ್ಟೇಯ."

ಅಷ್ಟರಲ್ಲಿ ಫೋನು ಬರುತ್ತದೆ. ಅಜ್ಜಂಪುರದಿಂದ ಯಾರೋ ಚಿಕ್ಕಬೀರಪ್ಪ. ಮರಿ ಹೊಸ ಹಾಸಿಗೆಯ ಹತ್ತಿಯನ್ನೆಲ್ಲ ಹೊರಗೆ ತೆಗೆದಿದೆಯಂತೆ, ಮನೆಯೆಲ್ಲ ಹತ್ತಿಯಂತೆ.

"ಹಾಸಿಗೆ ಕಥೆ ಆಮೇಲೆ ಕೇಳ್ತೀನಿ ಕಣಣ್ಣ," ಓಬಮ್ಮ ಎದ್ದು ನಿಲ್ಲುತ್ತಾರೆ. "ನಾಯಿ ಎಲ್ಲೈತೆ, ಅದ್ನ ಹೇಳಿ."

ಇಲ್ಲೇ ಇದೆ ಎನ್ನುತ್ತದೆ ಆ ಕಡೆಯ ದನಿ.

"ಹಂಗಾದ್ರೆ ಬತ್ತೀನಿ. ನಾನ್ ಬರೋವರ್ಗೂ ಎಲ್ಲೂ ಕಳಿಸ್ಬ್ಯಾಡಿ."