ಮಾವ ಕಚ್ಚಿ ನೋಡಿದ ಲಿಲ್ಲಿ ಗಡ್ಡೆ

ಕಾಲುವೆ ಕೆಲಸದವರಿಗೆಂದು ಶಹಾಪುರದ ಹತ್ತಿರ ಕಟ್ಟಿದ್ದ ಕಾಲೊನಿಯಲ್ಲಿ ನಾವಿದ್ದಾಗಿನ ಮಾತಿದು. ನಾನು ಅಲ್ಲಿನ ಕಚೇರಿಯಲ್ಲಿ ಗುಮಾಸ್ತ, ನನ್ನ ಹೆಂಡತಿ ಊರ ಶಾಲೆಯಲ್ಲಿ ಟೀಚರು. ಕಾಲುವೆಗೆ ನೀರು ಬಿಟ್ಟು ಎರಡೋ ಮೂರೋ ವರ್ಷ ಆಗಿತ್ತು. ಅಲ್ಲಿಯವರೆಗೆ ಕೊಡದಲ್ಲಷ್ಟೇ ನೀರು ಕಂಡಿದ್ದ ನಮಗೆ, ನಳ ತಿರುವಿದರೆ ನೀರು ಬರುವ ಮನೆ ಸಿಕ್ಕಾಗ ಅದನ್ನೆಲ್ಲ ಏನು ಮಾಡಬೇಕೆಂದೇ ತೋಚಲಿಲ್ಲ. ನನಗೆ ತೋಚಲಿಲ್ಲ, ಹೆಂಡತಿಗೆ ತೋಚಿತು. ಬಚ್ಚಲ ನೀರು ಹರಿದು ಹೋಗುವ ಕಡೆ ಇಟ್ಟಿಗೆಗಳನ್ನು ಓರೆಯಾಗಿ ಹೂತು ಒಂದು ಮಡಿ ಮಾಡಿದಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಟೀಚರೊಬ್ಬರು ವರ್ಗವಾಗಿ ಯಾದಗಿರಿಗೆ ಹೋಗುವಾಗ ಒಂದು ಕೈಚೀಲದ ತುಂಬ ಲಿಲ್ಲಿ ಗಡ್ಡೆ ಕೊಟ್ಟು ಹೋಗಿದ್ದರು. ಅವನ್ನು ಆ ಮಡಿಯಲ್ಲಿ ನೆಟ್ಟಳು.

ಮೊದಲ ವರ್ಷ ಯುಗಾದಿ ಹೊತ್ತಿಗೆ ಒಂದೊಂದು ಗಡ್ಡೆಯಿಂದ ಒಂದೊಂದು ದಂಟು ಮೇಲೆದ್ದಿತು. ದಂಟಿನ ತುದಿಗೆ ಅಂಗೈಯಗಲದ ನಾಲ್ಕು ಕೆಂಪು ಹೂಗಳು, ಜಗಳಾಡಿದ ಅಣ್ಣತಮ್ಮಂದಿರಂತೆ ನಾಲ್ಕೂ ನಾಲ್ಕು ದಿಕ್ಕಿಗೆ ಮುಖ ಮಾಡಿದ್ದವು. ಸುತ್ತಲಿನ ಮನೆಯವರೆಲ್ಲ ಬಂದು ನೋಡಿದರು. ಪಕ್ಕದ ಮನೆಯಾಕೆ ಒಂದನ್ನು ಮುಟ್ಟಿ, ಕಾಗದದ್ದಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೋದಳು. ನನ್ನ ಹೆಂಡತಿ ಆ ಹದಿನೈದು ದಿನ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಹೋಗುತ್ತಿದ್ದಳು.

ಮಳೆ ಶುರುವಾದ ಮೇಲೆ ಹುಳ ಬಂತು. ಕರಿ ಮೈ, ಅದರ ಮೇಲೆ ಬಿಳಿ ಚುಕ್ಕೆ, ನಡುನಡುವೆ ಕೆಂಪು ಬೊಟ್ಟು. ಮದುವೆಗೆ ಹೊರಟವರ ಹಾಗೆ ಸಿಂಗಾರ ಮಾಡಿಕೊಂಡು ಬಂದ ಈ ಹುಳಗಳು ಎರಡೇ ದಿನದಲ್ಲಿ ಎಲೆಗಳನ್ನೆಲ್ಲ ಊಟ ಮಾಡಿ ಮುಗಿಸಿದವು. ಎಲೆ ಮುಗಿದ ಮೇಲೆ ಹೋಗಿಯಾವೆಂದು ನಾನು ಸಮಾಧಾನ ಹೇಳಿದೆ. ಅವು ಹೋಗಲಿಲ್ಲ, ಕೆಳಗಿಳಿದವು. ಹೆಂಡತಿ ಮಣ್ಣು ಕೆದರಿ ನೋಡಿದಾಗ ಗಡ್ಡೆಯ ಕುತ್ತಿಗೆಗೆ ತೂತು ಕೊರೆದು ಒಳಗೆ ಹೊಕ್ಕಿದ್ದವು.

ಆ ಕಾಲಕ್ಕೆ ನಮ್ಮ ಕಡೆ ಹತ್ತಿ ಹೊಲಕ್ಕೆ ಎಣ್ಣೆ ಹೊಡೆಯುವುದು ಜೋರಾಗಿತ್ತು. ಎಣ್ಣೆ ಎಂದರೆ ವಿಷದ ಔಷಧಿ. ಅಂಗಡಿಯಿಂದ ಒಂದು ಸಣ್ಣ ಶೀಸೆ ತರುತ್ತೇನೆ, ಒಂದೇ ಸಂಜೆಯಲ್ಲಿ ಹುಳದ ವಂಶ ನಿರ್ವಂಶ ಎಂದು ಕಚೇರಿಯಲ್ಲಿ ದಸ್ತಾವೇಜಿಗೆ ಠಸ್ಸೆ ಹೊಡೆಯುವ ಗತ್ತಿನಲ್ಲೇ ಹೇಳಿದೆ. ಹೆಂಡತಿ ಒಪ್ಪಲಿಲ್ಲ. ಪಕ್ಕದ ಮನೆಯ ಕೋಳಿಗಳು ದಿನವೆಲ್ಲ ನಮ್ಮ ಹಿತ್ತಲಲ್ಲೇ ಇರುತ್ತಿದ್ದವು. ಕೋಳಿ ಸತ್ತರೆ ಪಕ್ಕದ ಮನೆಯಾಕೆಗೆ ನೀವೇ ಜವಾಬು ಹೇಳಬೇಕು ಎಂದಳು. ಪಕ್ಕದ ಮನೆಯಾಕೆಯ ಬಾಯಿ ನನಗೆ ಗೊತ್ತಿತ್ತು. ಎಣ್ಣೆಯ ಮಾತು ಅಲ್ಲಿಗೇ ಬಿಟ್ಟೆ. ಹೆಂಡತಿ ದೇವಾಪುರಕ್ಕೆ, ತನ್ನ ಅಪ್ಪನಿಗೆ ಹೇಳಿ ಕಳಿಸಿದಳು.

ನಮ್ಮ ಮಾವ ಉಳ್ಳಾಗಡ್ಡಿ, ಎಂದರೆ ಈರುಳ್ಳಿ, ಬೆಳೆಯುವುದರಲ್ಲಿ ಹೆಸರಾದ ಮನುಷ್ಯ. ಕಾಲುವೆ ಬಂದ ಮೇಲೆ ಸುತ್ತಲಿನವರೆಲ್ಲ ಭತ್ತಕ್ಕೆ ತಿರುಗಿದರೂ ಅವರು ತಮ್ಮ ಗಡ್ಡೆ ಬಿಟ್ಟಿರಲಿಲ್ಲ. ಮಣ್ಣೊಳಗೆ ಬೆಳೆಯುವ ಯಾವುದೂ ತಮಗೆ ತಿಳಿಯದೇ ಹೋಗುವುದಿಲ್ಲ ಎಂಬ ನಂಬಿಕೆ ಅವರದು. ಇದರ ಜೊತೆಗೆ ಅವರಿಗೆ ಇನ್ನೊಂದು ಗುಣವಿತ್ತು. ಅಳಿಯನೆಂದರೆ ಅತಿಯಾದ ಮರ್ಯಾದೆ. ಮದುವೆಯಾಗಿ ಏಳು ವರ್ಷವಾದರೂ ನನ್ನ ಎದುರು ಕುರ್ಚಿಯ ಮೇಲೆ ಪೂರ್ತಿ ಕೂತವರಲ್ಲ, ತುದಿಗೆ ಕೂಡುತ್ತಿದ್ದರು. ಅವರು ಹಾಗೆ ಕೂತರೆಂದು ನಾನೂ ತುದಿಗೆ ಕೂಡುತ್ತಿದ್ದೆ. ಅವರು ಕೊಟ್ಟದ್ದನ್ನು ನಾನು ಬೇಡವೆನ್ನುತ್ತಿರಲಿಲ್ಲ, ನಾನು ಹೇಳಿದ್ದನ್ನು ಅವರು ಅಲ್ಲವೆನ್ನುತ್ತಿರಲಿಲ್ಲ. ಹೀಗಾಗಿ ನಾವಿಬ್ಬರು ಕೂಡಿ ಯಾವ ಕೆಲಸವನ್ನೂ ಎಂದೂ ಮುಗಿಸಿದ್ದಿಲ್ಲ.

ಒಂದು ಶನಿವಾರ ಅವರು ಒಂದು ಗಂಟು ಬೇವಿನ ಬೀಜ, ಒಂದು ಗಂಟು ಒಲೆಯ ಬೂದಿ ಹೊತ್ತು ಬಸ್ಸಿನಲ್ಲಿ ಬಂದಿಳಿದರು. ಹೆಂಡತಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಮಾವ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಗಡ್ಡೆ ಕಿತ್ತರು, ಮಣ್ಣು ಒರೆಸಿದರು, ಸಿಪ್ಪೆ ಬಿಡಿಸಿ ಮೂಸಿದರು. ಇದು ಉಳ್ಳಾಗಡ್ಡಿಯ ಬಳಗವೇ, ಹುಳ ಇಷ್ಟು ಆಸೆಪಟ್ಟು ತಿನ್ನುತ್ತದೆಂದರೆ ಒಳಗೆ ಸಿಹಿ ಇರಲೇಬೇಕು ಎಂದರು. ನಾನು ಹೌದೆಂದೆ. ಅವರು ಒಂದು ಪದರ ಮುರಿದು ಬಾಯಿಗೆ ಹಾಕಿಕೊಂಡು ಅಗಿದರು.

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಣ್ಣಲ್ಲಿ ಮಾತ್ರ ಸ್ವಲ್ಪ ನೀರು ಬಂದಂತೆ ಕಂಡಿತು. ಅದನ್ನು ನಾನು ಉಳ್ಳಾಗಡ್ಡಿಯ ಲಕ್ಷಣವೆಂದೇ ತಿಳಿದೆ. ಆಮೇಲೆ ಅವರು ಇನ್ನೊಂದು ಪದರ ಮುರಿದು ನನ್ನ ಕಡೆ ಚಾಚಿದರು.

"ನೀವೂ ಒಂದೀಟು ನೋಡ್ರಿ ಅಳಿಯಂದ್ರ," ಎಂದರು.

ಕೈ ಚಾಚಿದ ಮಾವನಿಗೆ ಬೇಡವೆನ್ನುವುದು ಹೇಗೆ? ಬಾಯಿಗೆ ಹಾಕಿಕೊಂಡೆ. ಮೊದಲು ಕಹಿ. ಆಮೇಲೆ ನಾಲಿಗೆಯ ಮೇಲೆ ಯಾರೋ ಸೂಜಿ ಡಬ್ಬಿ ಚೆಲ್ಲಿದಂತಾಯಿತು. ಉಗುಳೋಣವೆಂದರೆ ಮಾವ ಎದುರಿಗಿದ್ದಾರೆ. ಅವರೂ ಉಗುಳಿರಲಿಲ್ಲ, ಒಂದು ದವಡೆಯಲ್ಲಿಟ್ಟುಕೊಂಡು ಕೂತಿದ್ದರು. ಅಳಿಯ ಉಗುಳಿದರೆ ತಾವೂ ಉಗುಳೋಣ ಎಂದು ಕಾಯುತ್ತಿದ್ದರೆಂದು ಆಮೇಲೆ ಮಗಳಿಗೆ ಹೇಳಿದರಂತೆ. ನಾನು ಕಾಯುತ್ತಿದ್ದದ್ದೂ ಅದಕ್ಕೇ. ಕೊನೆಗೆ ಪಕ್ಕದ ಮನೆಯ ಕೋಳಿಯೊಂದು ಬೇಲಿ ಹಾರಿ ಬಂತು. ಅದನ್ನು ಓಡಿಸುವ ನೆಪದಲ್ಲಿ ಇಬ್ಬರೂ ಎದ್ದು, ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿ ಉಗುಳಿದೆವು.

ಹೆಂಡತಿ ಬಂದಾಗ ನಾವು ಪಡಸಾಲೆಯಲ್ಲಿ ಎರಡು ಕುರ್ಚಿಗಳ ತುದಿಗೆ ಕೂತು, ಬಾಯಿ ಅರ್ಧ ತೆರೆದುಕೊಂಡು ಗೋಡೆ ನೋಡುತ್ತಿದ್ದೆವು. ನಾಲಿಗೆ ದಪ್ಪಗಾಗಿ ಮಾತು ಹೊರಡುತ್ತಿರಲಿಲ್ಲ. ಮನೆಯಲ್ಲಿ ಯಾರೋ ತೀರಿಹೋದ ಸುದ್ದಿ ಬಂದಿದೆಯೆಂದು ಅವಳು ಹೆದರಿಬಿಟ್ಟಳು. ಯಾರು, ಯಾವಾಗ ಎಂದು ಕೇಳುತ್ತಾಳೆ. ಮಾವ ಹಿತ್ತಲ ಕಡೆ ಕೈ ತೋರಿಸುತ್ತಾರೆ. ಅವಳು ಓಡಿಹೋಗಿ ನೋಡಿದಳು. ಹಲ್ಲಿನ ಗುರುತಿದ್ದ ಗಡ್ಡೆಯನ್ನು ಕೈಯಲ್ಲಿ ಹಿಡಿದು ತಿರುಗಿ ಬಂದಳು.

"ಹುಳಾ ಬಿಡ್ಸಾಕ ಕರಸೀನಿ, ನೀವೇ ತಿನ್ನಾಕ ಕುಂತೀರೇನಪಾ?" ಎಂದಳು ಅಪ್ಪನಿಗೆ. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ.

ಬಾಯಿ ಮುಕ್ಕಳಿಸಲು ಚೊಂಬುಗಟ್ಟಲೆ ನೀರು ಕೊಟ್ಟು, ಕಾಲೊನಿಯ ದವಾಖಾನೆಗೆ ಇಬ್ಬರನ್ನೂ ನಡೆಸಿಕೊಂಡು ಹೋದಳು. ಅಲ್ಲಿದ್ದ ನರ್ಸಮ್ಮ ನಮ್ಮ ನಾಲಿಗೆ ನೋಡಿ, ನುಂಗಿಲ್ಲ ತಾನೆ ಎಂದು ಮೂರು ಸಲ ಕೇಳಿ, ಗುಳಿಗೆ ಕೊಟ್ಟಳು. ಏನು ತಿಂದಿದ್ದೆಂದು ಪುಸ್ತಕದಲ್ಲಿ ಬರೆಯಬೇಕಿತ್ತು. ಹೆಂಡತಿ ಹೇಳಿದ್ದನ್ನು ಅವಳು ನಂಬಲಿಲ್ಲ. ಕೊನೆಗೆ 'ಹೊಟ್ಟೆನೋವು' ಎಂದು ಬರೆದುಕೊಂಡಳು. ಸಂಜೆಯ ಹೊತ್ತಿಗೆ ಉರಿ ಇಳಿಯಿತು.

ಮರುದಿನ ಭಾನುವಾರ. ಮಾವ ಕೆಲಸಕ್ಕೆ ಇಳಿದಾಗ ಹುಳದ ಮೇಲೆ ಅವರಿಗೆ ಒಂದು ಬಗೆಯ ಗೌರವ ಬಂದಿತ್ತು. ಒಂದು ತುತ್ತಿಗೆ ನಾವು ಸೋತದ್ದನ್ನು ಅದು ಹೊಟ್ಟೆತುಂಬ ತಿನ್ನುತ್ತದಲ್ಲ ಎಂದು ನಿಧಾನವಾಗಿ, ತೊದಲುತ್ತ ಹೇಳಿದರು. ಗಡ್ಡೆಗಳನ್ನೆಲ್ಲ ಕಿತ್ತು ನೆರಳಿಗೆ ಹರಡಿದೆವು. ಒತ್ತಿದರೆ ಮೆತ್ತಗಾಗುವಂಥವು, ಒಳಗೆ ಹುಳ ಹೊಕ್ಕಂಥವು ಒಂದು ಕಡೆ, ಗಟ್ಟಿ ಇದ್ದವು ಒಂದು ಕಡೆ. ಮೆತ್ತಗಿನವನ್ನು ದೂರ ಒಯ್ದು ಸುಟ್ಟೆವು. ಬೇವಿನ ಬೀಜ ಕುಟ್ಟಿ, ಅರಿವೆಯಲ್ಲಿ ಗಂಟು ಕಟ್ಟಿ ಹಿಂದಿನ ಸಂಜೆಯೇ ಬಕೆಟ್ಟಿನಲ್ಲಿ ನೆನೆಹಾಕಿದ್ದರು. ಆ ನೀರಲ್ಲಿ ಗಟ್ಟಿ ಗಡ್ಡೆಗಳನ್ನು ಮುಳುಗಿಸಿ ತೆಗೆದು, ಒಣಗಿಸಿ, ಬೂದಿ ಸವರಿಟ್ಟೆವು. ಮಡಿಯ ಮಣ್ಣನ್ನು ಅಗೆದು ಬಿಸಿಲಿಗೆ ಬಿಟ್ಟೆವು. ಅಗೆದ ಮಣ್ಣಿನಲ್ಲಿ ಅವಿತಿದ್ದ ಹುಳದ ಕೋಶಗಳನ್ನು ಕೋಳಿಗಳು ಹೆಕ್ಕಿ ತಿಂದವು. ಎಣ್ಣೆ ಹೊಡೆಯಲಿಲ್ಲವಲ್ಲ, ಅವುಗಳಿಂದ ಅಷ್ಟು ಉಪಕಾರವಾಯಿತು.

ತಿಂಗಳ ಮೇಲೆ ಗಡ್ಡೆ ಮತ್ತೆ ನೆಟ್ಟು, ಚಿಗುರಿದ ಮೇಲೆ ನಾನು ವಾರಕ್ಕೊಮ್ಮೆ ಬೇವಿನ ನೀರು ಚಿಮುಕಿಸುತ್ತ ಹುಳಕ್ಕೆ ಕಾದು ಕೂತೆ. ನಿಜವಾದ ಕೆಲಸ ಮಾಡಿದವಳು ಹೆಂಡತಿ. ಹುಡುಗರ ಕೋಳಿಕಾಲಿನಂಥ ಅಕ್ಷರ ತಿದ್ದಿ ತಿದ್ದಿ ಪಳಗಿದ ಕಣ್ಣು ಅವಳದು. ಒಂದು ಬೆಳಿಗ್ಗೆ ಎಲೆಯೊಂದನ್ನು ಮಗುಚಿ ನೋಡಿದವಳು ನನ್ನನ್ನು ಕರೆದಳು. ಎಲೆಯ ಹಿಂಬದಿಗೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಒತ್ತೊತ್ತಾಗಿ ಅಂಟಿದ್ದವು.

"ಹುಳಾ ಆದಮ್ಯಾಗ ಯುದ್ಧಾ ಮಾಡೂದ್ಯಾಕ್ರಿ? ಇಲ್ಲೇ ಒರಸಿ ಬಿಟ್ರ ಆತಲ್ಲ," ಎಂದು ಹೆಬ್ಬೆರಳಿನಿಂದ ಒರೆಸಿಬಿಟ್ಟಳು.

ಆಮೇಲೆ ಶಾಲೆಗೆ ಹೋಗುವ ಮುನ್ನ ದಿನಾ ಎಲೆ ಮಗುಚಿ ನೋಡುವುದು ಅವಳಿಗೆ ರೂಢಿಯಾಯಿತು. ತಪ್ಪಿಸಿಕೊಂಡ ಒಂದೆರಡು ಹುಳಗಳನ್ನು ನಾನು ಕಡ್ಡಿಯಿಂದ ಹೆಕ್ಕಿ ಸಾಬೂನಿನ ನೀರಿಗೆ ಹಾಕುತ್ತಿದ್ದೆ. ಕಚೇರಿಯಲ್ಲಿ ಅದನ್ನೇ ದೊಡ್ಡದು ಮಾಡಿ ಹೇಳಿಕೊಂಡೆ.

ಮುಂದಿನ ಬೇಸಿಗೆಯಲ್ಲಿ ಅರ್ಧದಷ್ಟು ಗಡ್ಡೆಗಳು ಹೂ ಬಿಟ್ಟವು. ಉಳಿದವು ಎಲೆ ಮಾತ್ರ ತೋರಿಸಿ ಸುಮ್ಮನಾದವು. ಮಾವ ನೋಡಲು ಬಂದರು. ತಿನ್ನಲಿಕ್ಕಾಗದ, ಸಂತೆಗೆ ಒಯ್ಯಲಿಕ್ಕಾಗದ ಗಡ್ಡೆಗೆ ಇಷ್ಟು ದುಡಿತವೇ ಎಂದು ಮಗಳ ಮುಂದೆ ಗೊಣಗಿದರು. ಅದನ್ನು ಹೇಳುತ್ತಲೇ ಹೂವಿನ ಮುಂದೆ ಬಹಳ ಹೊತ್ತು ಕೂತರು. ಹೊರಡುವಾಗ ಅವರ ಚೀಲ ಯಾಕೋ ಭಾರವಾಗಿತ್ತು. ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತದ್ದು ನಾನು, ಅದರ ಬಾಯಿಯಿಂದ ಎರಡು ಹಸಿರೆಲೆ ಇಣುಕುತ್ತಿದ್ದವು. ಅವರು ನೋಡಿದರು, ನಾನು ನೋಡಿದೆ. ಇಬ್ಬರೂ ಮಳೆಯ ಬಗ್ಗೆ ಮಾತಾಡಿದೆವು. ಕೆಲವು ದಿನದ ಮೇಲೆ ಊರಿನಿಂದ ಬಂದವರು ಹೇಳಿದರು: ಉಳ್ಳಾಗಡ್ಡಿ ಹೊಲದ ಬಾವಿಯ ಕಟ್ಟೆಗೆ ಮಾವ ಏನೋ ನೆಟ್ಟಿದ್ದಾರೆ, ಹೋಗಿಬರುವವರು ಯಾರೂ ಅದನ್ನು ಕಚ್ಚಿ ನೋಡಬಾರದೆಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಾರೆ.