ಸೂಳೆಕೆರೆ ದಡದ ಕಿವಿ ಪರೀಕ್ಷೆ

ಕೊರೊನಾದ ಕಾಟ ಮುಗಿದು ಅಂಗನವಾಡಿಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಚನ್ನಗಿರಿ ತಾಲ್ಲೂಕಿನಲ್ಲಿ ಮಕ್ಕಳ ತಪಾಸಣಾ ತಂಡದ ವೈದ್ಯೆಯಾಗಿದ್ದೆ. ಅದಕ್ಕೂ ಮುಂಚೆ ಜಗಳೂರಿನಲ್ಲಿ, ಆಮೇಲೆ ಹೊನ್ನಾಳಿ, ನ್ಯಾಮತಿ ಕಡೆ ಇದೇ ಕೆಲಸ ಮಾಡಿ ಬಂದವಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯವರೇ ‘ಮಕ್ಕಳ ತೂಕ ನೋಡ್ತಾಳೆ’ ಅಂದುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತೂಕ ನೋಡುವುದಕ್ಕೆ ತಕ್ಕಡಿ ಸಾಕು, ನಾನು ಯಾಕೆ? ನಾವು ನೋಡುತ್ತಿದ್ದದ್ದು ಕೂಸಿನ ಕತ್ತು ನಿಂತಿದೆಯೇ, ಕೂರುತ್ತದೆಯೇ, ನಡೆಯುತ್ತದೆಯೇ, ಕರೆದರೆ ತಿರುಗುತ್ತದೆಯೇ, ಮಾತು ಬಂದಿದೆಯೇ ಎಂಬುದನ್ನು. ವಯಸ್ಸಿಗೆ ತಕ್ಕಂತೆ ಇವು ಬರದಿದ್ದರೆ ಡೆವಲಪ್‌ಮೆಂಟಲ್ ಡಿಲೇ, ಅಂದರೆ ಬೆಳವಣಿಗೆಯಲ್ಲಿ ಹಿನ್ನಡೆ ಎನ್ನುತ್ತೇವೆ. ಬೇಗ ಗೊತ್ತಾದರೆ ಬಹಳಷ್ಟನ್ನು ಸರಿಮಾಡಬಹುದು.

ಸೂಳೆಕೆರೆ ಬದಿಯ ಒಂದು ಊರಿನ ಅಂಗನವಾಡಿಗೆ ಹೋಗಿದ್ದೆವು. ರೇಖಾ ಎಂಬ ಹೆಣ್ಣುಮಗಳು ತನ್ನ ಕೂಸು ಸಿಂಚನಾಳನ್ನು ಕರೆತಂದಿದ್ದಳು. ಮೀನು ಹಿಡಿಯುವವರ ಮನೆ. ಕೂಸಿಗೆ ಎರಡು ವರ್ಷ ತುಂಬಿತ್ತು, ಮೈಕೈ ತುಂಬಿಕೊಂಡು ಗುಂಡುಗುಂಡಗಿತ್ತು, ಓಡುತ್ತಿತ್ತು, ನಗುತ್ತಿತ್ತು. ಮಾತು ಮಾತ್ರ ಇಲ್ಲ. ‘ಅವರಪ್ಪನೂ ತಡವಾಗಿ ಮಾತಾಡಿದ್ದಂತೆ’ ಎಂದು ರೇಖಾ ನಿಶ್ಚಿಂತೆಯಿಂದ ಹೇಳಿದಳು. ಬಜೆ ತೇದು ನಾಲಿಗೆಗೆ ಹಚ್ಚುತ್ತಿದ್ದೇವೆ ಎಂದೂ ಸೇರಿಸಿದಳು. ಕರೆದರೆ ತಿರುಗುತ್ತಾಳಾ ಎಂದರೆ, ಓಹೋ, ಒಂದೇ ಕೂಗಿಗೆ ತಿರುಗುತ್ತಾಳೆ ಎಂದಳು. ನಮ್ಮ ನರ್ಸ್ ಹಿಂದಿನಿಂದ ಗಿಲಕಿ ಆಡಿಸಿದಾಗ ತಾಯಿ ತಿರುಗಿ ನೋಡಿದಳು, ತೊಡೆಯ ಮೇಲಿದ್ದ ಕೂಸೂ ತಿರುಗಿತು.

ಇನ್ನೇನು ‘ಸರಿಯಿದೆ’ ಎಂದು ಕಳಿಸಬೇಕು, ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಕೋಣೆಯ ಮಕ್ಕಳೆಲ್ಲ ಬೆಚ್ಚಿ ಅತ್ತ ನೋಡಿದವು. ತಾಯಿಯ ತೊಡೆಯಿಂದಿಳಿದು ಚಾಪೆಯ ಮೇಲೆ ಕೂತಿದ್ದ ಸಿಂಚನಾ ಮಾತ್ರ ನನ್ನ ಚಪ್ಪಲಿಯ ಬಕಲ್ ಬಿಚ್ಚುವುದರಲ್ಲೇ ಇದ್ದಳು.

ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಹುಟ್ಟಿದ ಕೂಸದು. ಹುಟ್ಟಿದಾಗ ಆಗಬೇಕಿದ್ದ ಕಿವಿಯ ಪರೀಕ್ಷೆ ಆಗಿರಲಿಲ್ಲ. ದಾವಣಗೆರೆಗೆ ಹೋಗಿ ಮಾಡಿಸಿಕೊಂಡು ಬಾ ಎಂದೆ. ರೇಖಾ ಮುಖ ಗಂಟು ಹಾಕಿಕೊಂಡು ಕೂಸನ್ನು ಎತ್ತಿಕೊಂಡು ಹೋದಳು. ವಾರ ಕಳೆದರೂ ಪತ್ತೆ ಇಲ್ಲ. ಇಂಥ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಮೆದುಳು ಮಾತು ಕಲಿಯುವುದು ಮೊದಲ ಕೆಲವೇ ವರ್ಷಗಳಲ್ಲಿ. ಆ ಕಾಲ ಜಾರಿದರೆ ಆಮೇಲೆ ಎಷ್ಟು ದೊಡ್ಡ ಆಸ್ಪತ್ರೆಗೆ ಹೋದರೂ ಪೂರ್ತಿ ದಕ್ಕುವುದಿಲ್ಲ. ಜೀಪು ಹತ್ತಿ ನಾನೇ ಕೆರೆದಡಕ್ಕೆ ಹೋದೆ.

ದಡಕ್ಕೆ ಎಳೆದು ಹಾಕಿದ, ಬಿದಿರಿನ ಬುಟ್ಟಿಯಂಥ ಒಂದು ತೆಪ್ಪದೊಳಗೆ ಕೂಸು ಆಡುತ್ತಿತ್ತು. ಅಲ್ಲಿ ಹಾಗೆಯೇ. ಹೆಂಗಸರು ಬಲೆ ಹೊಲಿಯುವಾಗ ಮಕ್ಕಳು ನೀರಿನ ಕಡೆ ಹೋಗದಿರಲೆಂದು ತೆಪ್ಪದೊಳಗೆ ಬಿಡುತ್ತಾರೆ. ಅಂಚು ಎತ್ತರ, ಸಣ್ಣ ಮಕ್ಕಳಿಗೆ ದಾಟಲು ಬರುವುದಿಲ್ಲ. ಪಕ್ಕದಲ್ಲಿ ಅಜ್ಜಿ ದುರುಗಮ್ಮ ಬಲೆ ಹರಡಿಕೊಂಡು ಕೂತಿದ್ದಳು. ನನ್ನನ್ನು ಕಂಡವಳೇ ಮೇಲೆದ್ದಳು.

“ನಮ್ಮ ಕೂಸಿಗೆ ಕಿವುಡಿ ಅಂತ ಹೆಸರಿಡಾಕೆ ಬಂದೀರೇನ್ರಿ ಡಾಕ್ಟ್ರಮ್ಮಾ? ನೋಡ್ರಿ ಇಲ್ಲಿ, ಹೆಂಗೆ ಕೇಳ್ತೈತೆ ಅಂತ.”

ಕೂಸಿನ ಬೆನ್ನ ಹಿಂದೆ ಹೋಗಿ ‘ಸಿಂಚೂ’ ಎಂದಳು. ಕೂಸು ತಟ್ಟನೆ ತಿರುಗಿ ನಕ್ಕಿತು. ಬಲೆ ಒಣಹಾಕುತ್ತಿದ್ದ ಗಂಡಸರು ಕಿಸಕ್ಕೆಂದರು. ಒಬ್ಬನಂತೂ, ಡಾಕ್ಟ್ರಮ್ಮನ ಕಿವಿಯನ್ನೇ ಒಂದು ಸಲ ದಾವಣಗೆರೆಯಲ್ಲಿ ತೋರಿಸಬೇಕು ಎಂದು ನನಗೆ ಕೇಳುವ ಹಾಗೇ ಹೇಳಿದ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಹಲ್ಲು ಕಚ್ಚಿಕೊಂಡು, ಇನ್ನೊಮ್ಮೆ ಕರೆಯಿರಿ ಅಮ್ಮಾ ಎಂದೆ.

ಈ ಸಲ ಕೂಸನ್ನು ಬಿಟ್ಟು ಅಜ್ಜಿಯನ್ನು ನೋಡಿದೆ. ‘ಸಿಂಚೂ’ ಅನ್ನುವಾಗ ಅವಳ ಅಂಗೈ ತೆಪ್ಪದ ಅಂಚಿಗೆ ಪಟ್ ಎಂದು ಬಡಿಯಿತು. ಅವಳಿಗೆ ಅದರ ಅರಿವೂ ಇರಲಿಲ್ಲ. ಕೆರೆಯಲ್ಲಿ ಬಲೆ ಬಿಟ್ಟ ಮೇಲೆ ಮೀನು ಬಲೆಯತ್ತ ಓಡಲಿ ಎಂದು ಹುಟ್ಟುಗೋಲಿನಿಂದ ತೆಪ್ಪಕ್ಕೆ ಬಡಿಯುತ್ತಾರೆ. ಗಾಳಿ ಜೋರಿದ್ದಾಗ ದೂರದ ತೆಪ್ಪದವರನ್ನು ಕರೆಯುವುದೂ ಹಾಗೆಯೇ. ಮನೆಮಂದಿಗೆಲ್ಲ ಕೈ ರೂಢಿ. ತೆಪ್ಪದಲ್ಲಿ ಕೂತ ಕೂಸಿಗೆ ಆ ಬಡಿತ ಬಿದಿರಿನ ಮೂಲಕ ಮೈಗೆ ತಟ್ಟುತ್ತಿತ್ತು. ಅದು ಕೇಳಿಸಿಕೊಂಡು ತಿರುಗುತ್ತಿರಲಿಲ್ಲ, ತಟ್ಟಿದ್ದಕ್ಕೆ ತಿರುಗುತ್ತಿತ್ತು. ಹುಟ್ಟಿದಾಗಿನಿಂದ ಅವಳನ್ನು ಎಲ್ಲರೂ ಹೀಗೇ ಕರೆದಿದ್ದರು.

“ದುರುಗಮ್ಮಾ, ಕೈಕಟ್ಟಿ ನಿಂತು ಕರೀರಿ” ಎಂದೆ.

ಇದೇನು ಶಾಲೆಯೇ ಎಂದು ಗೊಣಗುತ್ತಲೇ ಅವಳು ಕೈಕಟ್ಟಿ ನಿಂತಳು. ಕರೆದಳು. ಕೂಸು ಬಲೆಯ ಬೆಂಡು ಉರುಳಿಸುತ್ತಿತ್ತು. ಮತ್ತೆ ಕರೆದಳು, ಜೋರಾಗಿ ಕರೆದಳು. ಬೆಂಡು ಉರುಳುತ್ತಲೇ ಇತ್ತು. ಆಮೇಲೆ ಕರೆದಳೋ ಅತ್ತಳೋ ಗೊತ್ತಾಗಲಿಲ್ಲ. ನಗುತ್ತಿದ್ದ ಗಂಡಸರು ಬಲೆ ಬಿಟ್ಟು ತೆಪ್ಪದ ಹತ್ತಿರ ಬಂದರು. ರೇಖಾ ಓಡಿಬಂದು ಕೂಸನ್ನು ಎತ್ತಿಕೊಂಡಳು. ಗೆದ್ದೆ ಅನ್ನಿಸಲಿಲ್ಲ, ಸಂಕಟವಾಯಿತು. ಆದರೆ ಸತ್ಯ ಹೇಳುತ್ತೇನೆ, ಸರಿಯಾದ ಕಡೆ ಕಣ್ಣು ಹೋಯಿತಲ್ಲ ಎಂದು ನನ್ನ ಬಗ್ಗೆ ಹೆಮ್ಮೆಯೂ ಆಯಿತು.

ದಾವಣಗೆರೆಯಲ್ಲಿ ಬೇರಾ ಪರೀಕ್ಷೆ ಮಾಡಿದರು. ಮಗು ನಿದ್ದೆಯಲ್ಲಿರುವಾಗ ಶಬ್ದಕ್ಕೆ ಮೆದುಳು ಸ್ಪಂದಿಸುತ್ತದೆಯೇ ಎಂದು ಯಂತ್ರದಿಂದ ನೋಡುವ ಪರೀಕ್ಷೆ ಅದು. ಎರಡೂ ಕಿವಿ ತೀರಾ ಮಂದ. ಶ್ರವಣ ಸಾಧನ ಹಾಕಿ ನೋಡಿದರೂ ಪ್ರಯೋಜನವಾಗಲಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಬೇಕು ಎಂದರು. ಶಬ್ದವನ್ನು ವಿದ್ಯುತ್ ಸಂಕೇತವಾಗಿಸಿ ನೇರವಾಗಿ ನರಕ್ಕೆ ಮುಟ್ಟಿಸುವ ಸಾಧನವದು, ಒಳಕಿವಿಯಲ್ಲಿ ಆಪರೇಷನ್ ಮಾಡಿ ಕೂರಿಸಬೇಕು. ಸರ್ಕಾರದಿಂದಲೇ ಆಗುತ್ತಿತ್ತು. ಆದರೆ ಕೂಸಿನ ಅಪ್ಪ ಮಂಜಣ್ಣ ಒಪ್ಪಲಿಲ್ಲ. ಎಳೇ ತಲೆಗೆ ಕತ್ತಿ ಹಾಕಿಸುವುದಿಲ್ಲ, ಇದ್ದ ಹಾಗೇ ಇರಲಿ, ಸಾಕುತ್ತೇನೆ ಎಂದು ಹಟ ಹಿಡಿದ. ಅವನ ಹೆದರಿಕೆ ಸುಳ್ಳಲ್ಲ. ನಾನು ಎರಡು ಸಲ ಹೋಗಿ ತಿಳಿಸಿ ಹೇಳಿದೆ, ಮೂರನೆಯ ಸಲ ಜಗಳವನ್ನೇ ಆಡಿದೆ. ಅವನು ಅಲುಗಲಿಲ್ಲ. ಕೊನೆಗೆ ಬಾಯಿಬಿಟ್ಟವಳು ದುರುಗಮ್ಮ.

“ಇಷ್ಟು ದಿನ ಕೈಯಾಗ ಕರ್ದೆ ಕಣಪ್ಪಾ. ನಾನು ಸಾಯೋದ್ರೊಳಗೆ ಬಾಯಾಗ ಕರ್ದಿದ್ದು ಅದಕ್ಕೆ ಕೇಳ್ಬೇಕು. ಸಹಿ ಹಾಕು.”

ಮಂಜಣ್ಣ ಹಾಕಿದ.

ಆಪರೇಷನ್ ಆದ ಕೂಡಲೇ ಮಕ್ಕಳು ಪಟಪಟ ಮಾತಾಡುತ್ತವೆ ಎಂದು ಜನ ತಿಳಿಯುತ್ತಾರೆ. ಇಲ್ಲ. ಮೊದಲು ಶಬ್ದ ಎಂದರೇನು ಎಂಬುದನ್ನೇ ಕಲಿಯಬೇಕು. ರೇಖಾ ತಿಂಗಳುಗಟ್ಟಲೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿ ಥೆರಪಿಗೆ ಓಡಾಡಿದಳು. ಸಿಂಚನಾ ಹತ್ತಿರವಿದ್ದಾಗ ಯಾರೂ ತೆಪ್ಪಕ್ಕೆ ಬಡಿಯಬಾರದು, ಬಾಯಲ್ಲೇ ಕರೆಯಬೇಕು ಎಂದು ದಡದವರೆಲ್ಲ ಒಪ್ಪಿಕೊಂಡರು. ಮರೆತು ಬಡಿದವರಿಗೆ ದುರುಗಮ್ಮನಿಂದ ಸಹಸ್ರನಾಮ ಆಗುತ್ತಿತ್ತಂತೆ. ಇಷ್ಟಾದರೂ ಕೂಸಿನ ಬಾಯಿಂದ ಒಂದು ಮಾತೂ ಇಲ್ಲ. ಸುಮ್ಮನೆ ಆಸೆ ಹುಟ್ಟಿಸಿದಿರಿ ಎಂದು ಮಂಜಣ್ಣ ಒಮ್ಮೆ ಫೋನಿನಲ್ಲಿ ಅಂದುಬಿಟ್ಟ. ಆವತ್ತು ನನಗೆ ಊಟ ಸೇರಲಿಲ್ಲ.

ಈಗ ಹೊಸಬರಿಗೆ ತರಬೇತಿ ಕೊಡುವಾಗ ನಾನು ಇದೊಂದನ್ನು ಒತ್ತಿ ಹೇಳುತ್ತೇನೆ. ಮಗು ಏನು ಮಾಡುತ್ತದೆ ಎಂದಷ್ಟೇ ನೋಡಬೇಡಿ, ಮಗುವಿಗಾಗಿ ಮನೆಯವರು ಏನೇನು ಮಾಡುತ್ತಿದ್ದಾರೆ ನೋಡಿ. ಜಗಳೂರಿನಲ್ಲಿ ಸದಾ ಸೊಂಟದ ಮೇಲೇ ಇದ್ದ ಕೂಸಿನ ಕಾಲಿನ ಸೋಲು ಯಾರಿಗೂ ಕಂಡಿರಲಿಲ್ಲ. ನ್ಯಾಮತಿಯಲ್ಲಿ ತಮ್ಮನ ಮಾತನ್ನೆಲ್ಲ ಅಕ್ಕನೇ ಆಡಿಬಿಡುತ್ತಿದ್ದಳು. ಪ್ರೀತಿ ಇರುವ ಮನೆಯಲ್ಲೇ ಕೊರತೆ ಚೆನ್ನಾಗಿ ಮುಚ್ಚಿಹೋಗುತ್ತದೆ. ಅದಕ್ಕೆ ಅವರನ್ನು ಬೈಯಬಾರದು, ಒಂದು ಗಳಿಗೆ ಕೈಕಟ್ಟಿ ನಿಲ್ಲಿ ಎಂದು ಕೇಳಿಕೊಳ್ಳಬೇಕು.

ಮಂಜಣ್ಣ ಹಾಗೆ ಅಂದು ಎಷ್ಟೋ ದಿನಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ರೇಖಾಳ ನಂಬರಿನಿಂದ ಫೋನ್ ಬಂತು. ಎತ್ತಿದರೆ ಬರೀ ಉಸಿರು. ‘ಸ್ಪೀಕರ್ ಹಾಕೀನಿ, ಹೇಳು’ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಆಮೇಲೆ ಮೊಂಡುಮೊಂಡಾದ ಒಂದು ದನಿ:

“ದಾಕ್ತಮ್ಮಾ, ಮೀನು ಬೇಕಾ?”

ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಕಣ್ಣೊರೆಸಿಕೊಂಡು, ಬೇಕು ಕಣವ್ವಾ ಎಂದೆ.

ನನ್ನ ಮಾತು ಅದಕ್ಕೆ ಕೇಳಿಸಿತು. “ಎಷ್ಟು?” ಎಂದಿತು.