ತಲೆಯಲ್ಲಿದ್ದ ಅಳತೆಗಳು

ಮೂವತ್ತು ವರ್ಷಗಳಲ್ಲಿ ಟೈಲರ್ ಯಾರ ಅಳತೆಯನ್ನೂ ಬರೆದಿಟ್ಟವನಲ್ಲ. “ಒಂದು ಪುಸ್ತಕ ಇಟ್ಕೋಬಾರದಾ?” ಎಂದವರಿಗೆ, “ತಲೆ ಇದೆಯಲ್ಲ, ಖಾಲಿ ಯಾಕೆ ಬಿಡ್ಲಿ?” ಎನ್ನುತ್ತಿದ್ದ. ಯಾರ ಭುಜ ಇಳಿದಿದೆ, ಯಾರ ಹೊಟ್ಟೆ ಮುಂದೆ ಬಂದಿದೆ, ಎಲ್ಲವೂ ಬಾಯಿಪಾಠ. ಹೆಂಡತಿ ಮಕ್ಕಳಿಲ್ಲದ ಅವನಿಗೆ ಆ ಮುನ್ನೂರು ಗಿರಾಕಿಗಳೇ ನೆಂಟರಿಷ್ಟರು. ಪಾಪ, ನೆಂಟರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಅಂಥವನು ಹಳೇ ಗಿರಾಕಿ ಕಂಡಕ್ಟರರ ಶರ್ಟಿನ ಎಡತೋಳನ್ನು ಎರಡು ಬೆರಳು ಗಿಡ್ಡ ಹೊಲಿದ. ಬೇರೆ ತೋಳು ಕತ್ತರಿಸಲು ಹೋದರೆ ಎಡಗೈಯಿಂದ ಬಟ್ಟೆಯೇ ಜಾರಿಬಿತ್ತು. ಆಗ ಆಸ್ಪತ್ರೆಗೆ ಹೋದ.

“ಮೂಲ ಇರೋದು ಹೃದಯದಲ್ಲಿ. ಕ್ಯಾನ್ಸರ್ ಗಡ್ಡೆ. ಅಲ್ಲಿ ಇಂಥದ್ದು ಬರೋದು ತೀರಾ ಅಪರೂಪ. ರಕ್ತದ ಜೊತೆ ತಲೆಗೂ ಹೋಗಿದೆ,” ಎಂದರು ಡಾಕ್ಟರಮ್ಮ.

“ಜನ್ಮದಲ್ಲಿ ಅಪರೂಪದ್ದು ಅಂತ ನಂಗೆ ಸಿಕ್ಕಿದ್ದು ಇದೊಂದೇ.”

ಡಾಕ್ಟರಮ್ಮ ನಗಲಿಲ್ಲ. ಸೋಮವಾರ ಮೊದಲು ತಲೆಯ ಆಪರೇಷನ್, ಆಮೇಲೆ ನೆನಪು ಎಷ್ಟು ಉಳಿಯುತ್ತದೋ ಹೇಳಲಾಗದು ಎಂದರು. “ಜೊತೆಗೆ ಯಾರಿದ್ದಾರೆ?” ಎಂದೂ ಕೇಳಿದರು. ಅವನು ಬಾಗಿಲ ಕಡೆ ನೋಡಿದ.

ಜೀವದ ಭಯಕ್ಕಿಂತ ಆ ಮುನ್ನೂರು ಜನ ತಲೆಯಿಂದ ಅಳಿಸಿಹೋಗುವ ಭಯವೇ ಅವನಿಗೆ ದೊಡ್ಡದಾಯಿತು. ಪುಸ್ತಕವೊಂದನ್ನು ತಂದು ಅಂಗಡಿಯಲ್ಲಿ ಬರೆಯಲು ಕೂತ. ಕುತ್ತಿಗೆ, ಎದೆ, ತೋಳು. ಕೆಲವರ ಮುಖ ಬರುತ್ತಿತ್ತು, ಅಂಕಿ ಬರುತ್ತಿರಲಿಲ್ಲ. ಅಂಥ ಕಡೆ ಜಾಗ ಬಿಟ್ಟು ಅತ್ತ.

ಭಾನುವಾರ ಮಧ್ಯಾಹ್ನ ಒಂದು ಹಾಳೆ ಉಳಿಯಿತು. ತನ್ನದು? ತನ್ನ ಅಳತೆಯನ್ನು ಯಾರೂ ತೆಗೆದೇ ಇರಲಿಲ್ಲ. ಗಿರಾಕಿಗಳು ಬಿಟ್ಟುಹೋದ ಶರ್ಟುಗಳಲ್ಲೇ ಅವನ ಆಯುಷ್ಯ ಕಳೆದಿತ್ತು. ಟೇಪನ್ನು ಬೆನ್ನ ಹಿಂದಿನಿಂದ ಎಳೆದುಕೊಂಡ. ಎಡಗೈ ಹಿಡಿಯಲಿಲ್ಲ.

ಅಷ್ಟರಲ್ಲಿ ಕಂಡಕ್ಟರರು ಜಗಳಕ್ಕೆಂದೇ ಬಂದರು. “ಎಲ್ಲಯ್ಯಾ ನನ್ನ ತೋಳು?”

“ಒಂಚೂರು ಈ ಟೇಪ್ ಹಿಡೀರಿ ಸಾರ್. ಎದೆ ಸುತ್ತ.”

ಅವನ ಮುಖ ನೋಡಿ ಕಂಡಕ್ಟರರು ಜಗಳ ಮರೆತರು. ಎರಡೂ ಕೈಗಳಿಂದ ಅವನನ್ನು ಬಳಸಿ ಟೇಪು ಸುತ್ತಿ, “ತೊಂಬತ್ತೊಂದು!” ಎಂದರು.

“ನಾನೇನು ಪೀಪಾಯಿನಾ? ಅದು ಸೆಂಟಿಮೀಟರು. ಟೇಪ್ ಮಗುಚಿ.”

“ಮೂವತ್ತಾರು.”

ಸರಿಯಾಗಿಯೇ ಇತ್ತು. ಅವನು ಬರೆದುಕೊಂಡ. ಕಂಡಕ್ಟರರು ಕೈ ತೆಗೆಯುತ್ತಿದ್ದರು.

“ಸಾರ್,” ಎಂದ ಟೈಲರ್, “ಇನ್ನೊಂದ್ಸಲ ಅಳೀರಿ.”